ರಸ್ತೆ ಅಗೆಯದೆ ಪೈಪ್ ದಾಟಿಸುವುದು ಹೇಗೆ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ರಸ್ತೆಯನ್ನು ಅಗೆಯದೆಯೇ ಒಂದು ಬದಿಯಿಂದ ಇನ್ನೊಂದು ಬದಿಗೆ ಗ್ಯಾಸ್ ಪೈಪ್ ದಾಟಿಸಿದರು. ಕಣ್ಣಿಗೆ ಕಾಣದ ಮಣ್ಣಿನೊಳಗೆ ಡ್ರಿಲ್ ದಾರಿ ತಪ್ಪುವುದಿಲ್ಲವೇ?
– ಓದುಗರು, ಬೆಂಗಳೂರು

ಉತ್ತರ: ದಾರಿ ತಪ್ಪದಂತೆ ನೋಡಿಕೊಳ್ಳುವ ಉಪಾಯ ಡ್ರಿಲ್ಲಿನ ಮೂತಿಯಲ್ಲೇ ಇದೆ. ಅದನ್ನು ಓರೆಯಾಗಿ ಕತ್ತರಿಸಿರುವುದರಿಂದ, ತಿರುಗಿಸುತ್ತಾ ತಳ್ಳಿದರೆ ಅದು ನೇರವಾಗಿಯೂ, ತಿರುಗಿಸದೆ ತಳ್ಳಿದರೆ ಚೂಪಾದ ತುದಿ ಇರುವ ಕಡೆಗೂ ಸಾಗುತ್ತದೆ. ಮೂತಿಯ ಹಿಂದೆ ಅಡಗಿಸಿಟ್ಟ ಟ್ರಾನ್ಸ್‌ಮಿಟರಿನ ಸಂಕೇತದಿಂದ ಆಳ, ವಾಲಿಕೆ ಮತ್ತು ತುದಿ ಯಾವ ಕಡೆಗಿದೆ ಎಂಬುದು ತಿಳಿಯುತ್ತದೆ. ರಸ್ತೆಯ ಮೇಲೆ ರಿಸೀವರ್ ಹಿಡಿದು ನಡೆಯುತ್ತಿದ್ದವರನ್ನು ನೀವು ಕಂಡಿರಬಹುದು. ಮೊದಲ ಕಿರುರಂಧ್ರ ಆಚೆ ಬದಿಗೆ ತಲುಪಿದ ಮೇಲೆ ಮೂತಿಯನ್ನು ಕಳಚಿ, ರಂಧ್ರ ಹಿಗ್ಗಿಸುವ ಸಾಧನವಾದ ರೀಮರ್ ಜೋಡಿಸಿ, ಹಿಂದಕ್ಕೆಳೆಯುತ್ತಾ ರಂಧ್ರವನ್ನು ಪೈಪಿನ ಸುಮಾರು ಒಂದೂವರೆ ಪಟ್ಟು ಅಗಲಿಸುತ್ತಾರೆ. ಅದರ ಬೆನ್ನಿಗೇ ಪೈಪೂ ಒಳಬರುತ್ತದೆ. ಇಷ್ಟೂ ಹೊತ್ತು ಪಂಪ್ ಮಾಡುವ ಬೆಂಟೊನೈಟ್ ಜೇಡಿಯ ನೀರು ಮಣ್ಣನ್ನು ಹೊರಸಾಗಿಸಿ, ರಂಧ್ರ ಕುಸಿಯದಂತೆ ಹಿಡಿದಿಡುತ್ತದೆ. ಒತ್ತಡ ಮಿತಿಮೀರಿದರೆ ಇದೇ ಕೆಸರು ಬಿರುಕುಗಳಿಂದ ರಸ್ತೆಯ ಮೇಲೆ ಉಕ್ಕುವುದೂ ಉಂಟು.

ಅಮೆರಿಕದ ಮಾರ್ಟಿನ್ ಚೆರಿಂಗ್ಟನ್ 1971ರಲ್ಲಿ ಕ್ಯಾಲಿಫೋರ್ನಿಯಾದ ಪಹಾರೊ ನದಿಯ ಅಡಿಯಲ್ಲಿ ಗ್ಯಾಸ್ ಪೈಪ್ ದಾಟಿಸಿದ್ದು ಈ ವಿಧಾನದ ಮೊದಲ ನದಿ ದಾಟುವಿಕೆ. ಈ ವಿಧಾನಕ್ಕೂ ಒಂದು ಮಿತಿಯಿದೆ: ಟ್ರಾನ್ಸ್‌ಮಿಟರ್ ತನ್ನ ಸ್ಥಾನವನ್ನಷ್ಟೇ ಹೇಳಬಲ್ಲದು. ಎದುರಿಗಿರುವ ಹಳೆಯ ನೀರಿನ ಕೊಳವೆಯನ್ನೋ ವಿದ್ಯುತ್ ಕೇಬಲನ್ನೋ ಅದು ಕಾಣದು. ಆದ್ದರಿಂದ ಭೂಗತ ನಕ್ಷೆಯನ್ನು ಮೊದಲೇ ಪರಿಶೀಲಿಸಿ, ಅನುಮಾನವಿದ್ದಲ್ಲಿ ಸಣ್ಣ ಗುಂಡಿ ತೋಡಿ ನೋಡಲೇಬೇಕು.