ಪುಟ್ಟ ಮಕ್ಕಳನ್ನ ಕರ್ಕೊಂಡು ಐದು ದಿನ ಸಿಂಗಾಪುರಕ್ಕೆ ಹೋಗ್ತಿದೀವಿ, ಏನೇನು ಮಾಡ್ಬಹುದು?

ನಿಮ್ಮ ಮಗನಿಗೆ 4, ಮಗಳಿಗೆ ಒಂದೂವರೆ, ಬೆಂಗಳೂರಿಂದ ಹೊರಡ್ತೀರ, ವಾಪಸ್ ಫ್ಲೈಟ್ ರಾತ್ರಿ, ಇಷ್ಟು ಚಿಕ್ಕ ಮಕ್ಕಳಿಗೆ ಅಲ್ಲಿ ಏನಿದೆ, ದುಡ್ಡು ದಂಡ ಆಗತ್ತಾ ಅಂತ ಕೇಳಿದೀರ. ನಾವು ಹೋದಾಗ ನನ್ನ ಮಗಳಿಗೆ ನಾಲ್ಕೂವರೆ, ಮಗನಿಗೆ ಎರಡು, ಜೊತೆಗೆ ನಮ್ಮತ್ತೆ ಇದ್ರು. ದಂಡ ಖಂಡಿತ ಆಗಲ್ಲ. ಆದ್ರೆ ಟ್ರಾವೆಲ್ ಏಜೆಂಟ್ ಕೊಡೋ ಲಿಸ್ಟ್ ಹಿಡ್ಕೊಂಡು ಓಡಾಡಿದ್ರೆ ಮಕ್ಕಳೂ ಹೈರಾಣ, ನೀವೂ ಹೈರಾಣ.

ನಮಗೆ ಹಾಗೇ ಆಯ್ತು. ಏಜೆಂಟ್ ಮೊದಲನೇ ದಿನಾನೇ ಬೆಳಿಗ್ಗೆ ಎಂಟಕ್ಕೆ ವ್ಯಾನ್ ಕಳಿಸಿ ನಾಲ್ಕು ಜಾಗ ತೋರಿಸೋ ಪ್ಲಾನ್ ಹಾಕಿದ್ದ. ಸಿಂಗಾಪುರದ ಟೈಮು ನಮಗಿಂತ ಎರಡೂವರೆ ಗಂಟೆ ಮುಂದೆ, ಅಂದ್ರೆ ಅಲ್ಲಿ ಎಂಟು ಅಂದ್ರೆ ಮಕ್ಕಳ ಪಾಲಿಗೆ ಐದೂವರೆ. ನಿದ್ದೆಗಣ್ಣಲ್ಲೇ ಎಬ್ಬಿಸಿ, ಹಾಲು ಕುಡಿಸೋಕೂ ಆಗ್ದೆ ವ್ಯಾನ್ ಹತ್ತಿಸಿದ್ವಿ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಮಗ ರಚ್ಚೆ ಹಿಡಿದ, ಮಗಳು ನೆಲದ ಮೇಲೆ ಕೂತವಳು ಏಳ್ಲಿಲ್ಲ. ಮಿಕ್ಕಿದ್ದೆಲ್ಲ ಕ್ಯಾನ್ಸಲ್ ಮಾಡಿ ಹೋಟ್ಲಿಗೆ ಬಂದ್ವಿ. ಅವತ್ತು ರಾತ್ರಿ ನಾನೂ ನನ್ನ ಗಂಡನೂ ಕೂತು ಒಂದು ನಿರ್ಧಾರ ಮಾಡಿದ್ವಿ, ಮಕ್ಕಳ ಟೈಮ್ ಬದಲಾಯಿಸೋದೇ ಬೇಡ, ಇಂಡಿಯಾ ಟೈಮಲ್ಲೇ ಇರ್ಲಿ ಅಂತ. ಅದೇ ನಮ್ಮ ಟ್ರಿಪ್ಪನ್ನ ಉಳಿಸಿದ್ದು.

ಹೇಗೆ ಅಂದ್ರೆ, ಅಲ್ಲಿ ವರ್ಷಪೂರ್ತಿ ಸಂಜೆ ಏಳರ ಆಸುಪಾಸಲ್ಲಿ ಕತ್ತಲಾಗತ್ತೆ. ಗಾರ್ಡನ್ಸ್ ಬೈ ದಿ ಬೇ ಅನ್ನೋ ದೊಡ್ಡ ಪಾರ್ಕಲ್ಲಿ ದೈತ್ಯ ಕಬ್ಬಿಣದ ಮರಗಳಿಗೆ ಹಾಡಿನ ಜೊತೆ ಲೈಟ್ ಹಾಕೋ ಶೋ 7:45ಕ್ಕೆ ಒಂದು, 8:45ಕ್ಕೆ ಇನ್ನೊಂದು, ಫ್ರೀ. 8:45 ಅಂದ್ರೆ ನಮ್ಮ ಮಕ್ಕಳ ಲೆಕ್ಕದಲ್ಲಿ ಇನ್ನೂ ಆರೂಕಾಲು! ಮನೇಲಿ ಆಟ ಆಡ್ಕೊಂಡಿರೋ ಹೊತ್ತು. ಒಂದು ಹಳೇ ಬೆಡ್‌ಶೀಟ್ ತಗೊಂಡೋಗಿ ಮರದ ಕೆಳಗೆ ಹಾಸಿ ನಾವೆಲ್ಲ ಅಂಗಾತ ಮಲಗಿ ನೋಡಿದ್ವಿ, ಮಗ ಕೈ ಮೇಲೆತ್ತಿ ಲೈಟ್ ಹಿಡಿಯೋಕೆ ನೋಡ್ತಿದ್ದ. ನಮ್ಮತ್ತೆಗೂ ಎಲ್ಲಕ್ಕಿಂತ ಜಾಸ್ತಿ ಇಷ್ಟ ಆಗಿದ್ದು ಅದೇ. ಹತ್ತೂವರೆಗೆ ಮಲಗಿಸಿದ್ರೆ ಸಾಕು, ಬೆಳಿಗ್ಗೆ ಎಂಟೂವರೆ ಒಂಬತ್ತಕ್ಕೆ ತಾವಾಗೇ ಏಳ್ತವೆ.

ಅದೇ ಜಾಗದಲ್ಲಿ ಮಕ್ಕಳ ಗಾರ್ಡನ್ ಒಂದಿದೆ, ಅದೂ ಫ್ರೀ, ನೆಲದಿಂದ ನೀರು ಚಿಮ್ಮೋ ಆಟ. ಪುಟ್ಟ ಮಕ್ಕಳಿಗೆ ಬೇರೆ ಜಾಗ, ದೊಡ್ಡ ಮಕ್ಕಳಿಗೆ ಬೇರೆ. ಇನ್ನೊಂದು ಬೊಟಾನಿಕ್ ಗಾರ್ಡನ್ಸ್ ಒಳಗಿರೋ ಜೇಕಬ್ ಬಲ್ಲಾಸ್ ಚಿಲ್ಡ್ರನ್ಸ್ ಗಾರ್ಡನ್. ಅಲ್ಲಿಯ ರೂಲು ನನಗೆ ತುಂಬಾ ಹಿಡಿಸ್ತು, ಜೊತೆಗೆ ಮಗು ಇದ್ರೆ ಮಾತ್ರ ದೊಡ್ಡವರನ್ನ ಒಳಗೆ ಬಿಡೋದು. ಮರದ ಮೇಲಿನ ಮನೆ, ಜಾರುಬಂಡಿ, ನೀರಾಟ, ಮಣ್ಣು, ಗಿಡ, ಎಲ್ಲಾ ಇದೆ. ಬೊಟಾನಿಕ್ ಗಾರ್ಡನ್ಸ್ 1859ರದ್ದು, 2015ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದೆ, ನಮ್ಮ ಲಾಲ್‌ಬಾಗ್ ನೋಡಿದ ಮಕ್ಕಳಿಗೆ ಅದು ಹೊಸ ಜಾಗ ಅನ್ಸೋದೇ ಇಲ್ಲ, ನೇರ ಓಡಿಹೋಗ್ತವೆ. ಕೆರೆ ಪಕ್ಕದಲ್ಲಿ ನಮಗೆ ಒಂದು ದೊಡ್ಡ ಉಡ ಸಿಕ್ತು, ನಡ್ಕೊಂಡು ಹೋಗ್ತಿತ್ತು ಅಷ್ಟೆ, ಯಾರಿಗೂ ಏನೂ ಮಾಡ್ಲಿಲ್ಲ. ಅದೃಷ್ಟ ಇದ್ರೆ ನೀರುನಾಯಿಗಳ ಗುಂಪೂ ಕಾಣತ್ತೆ, ನಮ್ಮ ಹಂಪಿ ಹತ್ರ ತುಂಗಭದ್ರೇಲಿ ಇರೋ ಜಾತಿನೇ, ಅಲ್ಲಿ ಊರ ಮಧ್ಯದ ಕಾಲುವೆಗಳಲ್ಲೇ ಸಂಸಾರ ಮಾಡ್ಕೊಂಡಿವೆ. ಒಂದು ನೆನಪಿಡಿ, ಈ ಎರಡೂ ಮಕ್ಕಳ ಗಾರ್ಡನ್ ಸೋಮವಾರ ರಜ. ಗುಡುಗು ಮಿಂಚು ಬಂದ್ರೆ ನೀರಾಟ ನಿಲ್ಲಿಸ್ತಾರೆ, ಮಧ್ಯಾಹ್ನದ ಮಳೆ ಅಲ್ಲಿ ಮಾಮೂಲು, ಅದಕ್ಕೆ ಬೆಳಿಗ್ಗೇನೇ ಹೋಗಿ. ಒಂದು ಜೊತೆ ಬಟ್ಟೆ, ಟವೆಲ್, ನೀರಿಗಿಳಿಯೋ ಡಯಾಪರ್ ಬ್ಯಾಗಲ್ಲಿರ್ಲಿ.

ಮಧ್ಯಾಹ್ನ ಒಂದರಿಂದ ನಾಲ್ಕು ರೂಮಲ್ಲೇ ಇರಿ. ಇದನ್ನ ನಾನು ಕೈಮುಗಿದು ಹೇಳ್ತೀನಿ. ಅಲ್ಲಿ ಸೆಕೆ ಮಂಗಳೂರಿನ ಸೆಕೆ ಥರ, ಬೆವರು ಆರೋದೇ ಇಲ್ಲ, ಬೆಂಗಳೂರು ಮಕ್ಕಳಿಗೆ ಅಭ್ಯಾಸ ಇರಲ್ಲ. ನಿದ್ದೆ ಆದ ಮಗು ಸಂಜೆ ಬೇರೆ ಮಗುನೇ.

ದುಡ್ಡು ಕೊಟ್ಟು ನೋಡೋದ್ರಲ್ಲಿ ಒಂದೇ ಒಂದು ಆರಿಸ್ಕೊಳ್ಳಿ ಅಂದ್ರೆ ನಾನು ಮಂಡಾಯ್‌ನಲ್ಲಿರೋ ಝೂ ಅಂತೀನಿ. ಪ್ರಾಣಿಗೂ ನಮಗೂ ಮಧ್ಯೆ ಎಷ್ಟೋ ಕಡೆ ಕಂಬಿನೇ ಇಲ್ಲ, ಬರೀ ಕಂದಕ, ಒರಾಂಗುಟಾನ್‌ಗಳು ತಲೆ ಮೇಲಿನ ಹಗ್ಗದಲ್ಲೇ ಓಡಾಡ್ತವೆ. ಸ್ಟ್ರೋಲರ್ ತಳ್ಕೊಂಡು ಹೋಗೋಕೆ ದಾರಿ ಚೆನ್ನಾಗಿದೆ, ಟ್ರಾಮ್ ಇದೆ. ಪಕ್ಕದಲ್ಲೇ ನೈಟ್ ಸಫಾರಿ, 1994ರಿಂದ ನಡೀತಿದೆ, ಆದ್ರೆ ಎರಡನ್ನೂ ಒಂದೇ ದಿನ ಮಾಡೋಕೆ ಹೋಗ್ಬೇಡಿ. ರೈಡ್‌ಗಳಿರೋ ಥೀಮ್ ಪಾರ್ಕ್ ಈ ವಯಸ್ಸಿಗೆ ಬೇಡ ಅನ್ನೋದು ನನ್ನ ಅಭಿಪ್ರಾಯ, ಎತ್ತರದ ಮಿತಿ ಇರೋದ್ರಿಂದ ಚಿಕ್ಕೋಳು ಮುಕ್ಕಾಲು ಭಾಗ ಹೊರಗೇ ನಿಂತಿರ್ಬೇಕಾಗತ್ತೆ, ನಿಮ್ಮಲ್ಲೊಬ್ರು ಜೊತೆಗೆ. ಮಗನಿಗೆ 8-9 ವರ್ಷ ಆದ್ಮೇಲೆ ಹೋಗಿ.

ಸೆಂಟೋಸಾ ದ್ವೀಪಕ್ಕಂತೂ ಹೋಗಿ, ಬೀಚ್‌ಗೋಸ್ಕರ. ಹಾರ್ಬರ್‌ಫ್ರಂಟ್ ಮೆಟ್ರೋ ಸ್ಟೇಷನ್ ಮೇಲಿರೋ ವಿವೋಸಿಟಿ ಮಾಲಿಂದ ಹಲಗೆ ದಾರೀಲಿ ನಡ್ಕೊಂಡೇ ದ್ವೀಪ ಸೇರ್ಬಹುದು, ಒಳಗಿನ ಬಸ್ಸು, ಬೀಚ್ ಟ್ರಾಮು ಫ್ರೀ, ವಾಪಸ್ ಬರೋಕೆ ಮಾನೋರೈಲೂ ಫ್ರೀ. ಪಲವಾನ್ ಬೀಚಲ್ಲಿ ಅಲೆ ಇಲ್ಲವೇ ಇಲ್ಲ ಅನ್ನೋಷ್ಟು ಶಾಂತ, ಅಲ್ಲಾಡೋ ತೂಗುಸೇತುವೆ ಒಂದಿದೆ, ನನ್ನ ಮಗಳು ಅದರ ಮೇಲೆ ಏಳು ಸಲ ಹೋಗಿ ಬಂದ್ಲು. ಒಂದು ಬಕೆಟ್ಟು, ಒಂದು ಪ್ಲಾಸ್ಟಿಕ್ ಸಲಿಕೆ ಸಾಕು, ಎರಡು ಗಂಟೆ ಕಳೆಯತ್ತೆ.

ಓಡಾಟದ ಬಗ್ಗೆ. 90 ಸೆಂಟಿಮೀಟರ್‌ಗಿಂತ ಕಡಿಮೆ ಎತ್ತರದ ಮಕ್ಕಳಿಗೆ ಬಸ್ಸು, ಮೆಟ್ರೋ ಎರಡರಲ್ಲೂ ಟಿಕೆಟ್ ಇಲ್ಲ, ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ, ಆದ್ರೆ ಒಳಗೆ ತಿನ್ನೋದು ಕುಡಿಯೋದು ನಿಷೇಧ, ದಂಡ 500 ಸಿಂಗಾಪುರ ಡಾಲರ್‌ವರೆಗೂ ಇದೆ, ಹಾಗಾಗಿ ಬಿಸ್ಕತ್ತು ಹತ್ತೋ ಮುಂಚೆನೇ ಮುಗಿಸಿ. ಆ್ಯಪಲ್ಲಿ ಬುಕ್ ಮಾಡೋ ಕಾರಿಗೆ 1.35 ಮೀಟರ್‌ಗಿಂತ ಕಮ್ಮಿ ಇರೋ ಮಕ್ಕಳಿಗೆ ಚೈಲ್ಡ್ ಸೀಟ್ ಬೇಕೇಬೇಕು, ಮೀಟರ್ ಟ್ಯಾಕ್ಸಿಗೆ ಅದರಿಂದ ವಿನಾಯ್ತಿ. ಆದ್ರೆ ನಿಮ್ಮ ಮಗನಿಗೋಸ್ಕರ ಡಬಲ್ ಡೆಕ್ಕರ್ ಬಸ್ ಹತ್ತಿ ಸ್ವಾಮಿ, ಮೇಲೆ ಮುಂದಿನ ಸೀಟು! ನಾವು ಎಲ್ಲಿಗೂ ಹೋಗೋದಿಲ್ದೆ ಬರೀ ಅದರಲ್ಲಿ ಕೂರೋಕೇ ಒಂದು ಸಂಜೆ ಕೊನೇ ಸ್ಟಾಪ್‌ವರೆಗೂ ಹೋಗಿ ಅದೇ ನಂಬರ್ ಬಸ್ಸಲ್ಲಿ ವಾಪಸ್ ಬಂದ್ವಿ, ಮಳೆ ಬರ್ತಿತ್ತು, ಮಗಳು ಗಾಜಿಗೆ ಮೂಗು ಒತ್ತಿ ದಾರಿಯುದ್ದಕ್ಕೂ ಡ್ರೈವರ್ ಆಗಿದ್ಲು.

ಊಟಕ್ಕೆ ಚಿಂತೆ ಬೇಡ. ಲಿಟಲ್ ಇಂಡಿಯಾದ ಸೆರಂಗೂನ್ ರಸ್ತೇಲಿ 1947ರಿಂದ ಕೋಮಲ ವಿಲಾಸ್ ಇದೆ, ಅದೇ ರಸ್ತೆ ಮುಂದಕ್ಕೆ ಹೋದ್ರೆ ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಹತ್ರ ನಮ್ಮ ಎಂಟಿಆರ್ ಇದೆ. ಮೂರನೇ ದಿನ ಅಲ್ಲಿ ರವೆ ಇಡ್ಲಿ ನೋಡಿದ ಕೂಡ್ಲೇ ನನ್ನ ಮಗ ಎರಡೂ ಕೈಲಿ ತಿಂದ, ಅಲ್ಲೀವರೆಗೂ ಹಾಲು ಬಾಳೆಹಣ್ಣಲ್ಲೇ ಇದ್ದ ಮಗು. ನೀವು ಸಸ್ಯಾಹಾರಿಗಳಾದ್ರೆ ಒಂದು ಮಾತು: ಹಾಕರ್ ಸೆಂಟರ್ ಅಂದ್ರೆ ಒಂದೇ ಸೂರಿನಡಿ ಸಾಲಾಗಿ ಊಟದ ಅಂಗಡಿಗಳಿರೋ ಜಾಗ, ಅಲ್ಲಿ ಚೈನೀಸ್ ವೆಜಿಟೇರಿಯನ್ ಅಂಗಡಿಗಳಿರ್ತವೆ, ಸೋಯಾದಲ್ಲಿ ಥೇಟ್ ಮಾಂಸದ ಥರಾನೇ ಮಾಡಿಟ್ಟಿರ್ತಾರೆ, ನೋಡಿ ಗಾಬರಿ ಆಗ್ಬೇಡಿ. ಆದ್ರೆ ಬ್ರೆಡ್ಡಿಗೆ ಹಚ್ಚಿ ಕೊಡೋ ಕಾಯಾ ಜ್ಯಾಮಲ್ಲಿ ಮೊಟ್ಟೆ ಇರತ್ತೆ. ನಲ್ಲಿ ನೀರು ಕುಡಿಯೋಕೆ ಚೆನ್ನಾಗಿದೆ, ಬಾಟಲ್ ತುಂಬ್ಕೊಳ್ಳಿ.

ಪುಟ್ಟ ಮಗುವಿಗೂ ಬೇರೆ ವೀಸಾ ಬೇಕು. ಅರೈವಲ್ ಕಾರ್ಡ್, ಅಂದ್ರೆ ಒಳಗೆ ಬರೋ ಪ್ರಯಾಣಿಕರ ವಿವರದ ಫಾರ್ಮ್, ಅಲ್ಲಿಗೆ ತಲುಪೋ ಮುಂಚಿನ ಮೂರು ದಿನದೊಳಗೆ ಸಿಂಗಾಪುರ ಸರ್ಕಾರದ ವೆಬ್‌ಸೈಟಲ್ಲಿ ತುಂಬ್ಬೇಕು, ಅದು ಬಿಟ್ಟಿ, ದುಡ್ಡು ಕೇಳಿದ್ರೆ ಅದು ಸರ್ಕಾರದ್ದಲ್ಲ.

ಕೊನೇ ದಿನ ನಿಮ್ಮದು ರಾತ್ರಿ ಫ್ಲೈಟ್ ಅಂದ್ರಲ್ಲ, ಹೋಟ್ಲು ಖಾಲಿ ಮಾಡಿ ಸೀದಾ ಚಾಂಗಿ ಏರ್‌ಪೋರ್ಟಿಗೆ ಹೋಗ್ಬಿಡಿ, ಬೇರೆ ಏನೂ ಇಟ್ಕೋಬೇಡಿ. ಅಲ್ಲಿ ಜ್ಯುವೆಲ್ ಅಂತ ಇದೆ, 2019ರಲ್ಲಿ ತೆರೆದಿದ್ದು, 40 ಮೀಟರ್ ಎತ್ತರದಿಂದ ಕಟ್ಟಡದ ಒಳಗೇ ಜಲಪಾತ ಬೀಳತ್ತೆ, ಸುತ್ತ ಕಾಡು, ಮೇಲೆ ಏಸಿ. ಲಗೇಜ್ ದುಡ್ಡು ಕೊಟ್ಟು ಇಡೋ ಕೌಂಟರ್ ಇದೆ. ಬೇಸ್‌ಮೆಂಟಿಗೂ ಇಳೀರಿ, ಅಲ್ಲಿ ದಪ್ಪ ಪಾರದರ್ಶಕ ಕೊಳವೆ ಒಳಗೆ ಅದೇ ನೀರು ಕೆಳಗಿಳಿಯೋದು ಮಕ್ಕಳ ಕಣ್ಣೆದುರಿಗೇ ಕಾಣತ್ತೆ. ನನ್ನ ಮಗ ಅದನ್ನ ನೋಡ್ತಾ ನೋಡ್ತಾನೇ ಸ್ಟ್ರೋಲರಲ್ಲಿ ಮಲಗಿಬಿಟ್ಟ, ಎದ್ದಿದ್ದು ದೇವನಹಳ್ಳೀಲಿ.