ಉತ್ತರ: ಮುಂದಿನ ಮಗುವಿಗೂ ಬಿಳಿ ಕೂದಲು ಬರಬಹುದೇ?

ಸೋದರಮಾವನನ್ನು ಮದುವೆಯಾಗಿದ್ದೀರಿ, ಇಬ್ಬರದೂ ಕಪ್ಪು ಕೂದಲು, ಮಗುವಿಗೆ ಆಲ್ಬಿನಿಸಂ (ಹುಟ್ಟಿನಿಂದಲೇ ಕೂದಲು, ಚರ್ಮ, ಕಣ್ಣಿಗೆ ಬಣ್ಣ ಕಡಿಮೆ ಇರುವ ಸ್ಥಿತಿ) ಎಂದಿದ್ದೀರಿ. ಇದು ತೊನ್ನಲ್ಲ, ಯಾರ ತಪ್ಪೂ ಅಲ್ಲ.

ಕೂದಲು, ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಿಸುವ ಜೀನ್‌ಗೆ ಎರಡು ಪ್ರತಿಗಳಿರುತ್ತವೆ. ಒಂದು ಸರಿಯಿದ್ದರೂ ಸಾಕು, ಬಣ್ಣ ಬರುತ್ತದೆ, ಅದು ಪ್ರಬಲ. ಕೆಟ್ಟ ಪ್ರತಿ ದುರ್ಬಲ, ನಿಮ್ಮಿಬ್ಬರಲ್ಲೂ ಅಡಗಿ ಕುಳಿತಿತ್ತು. ಸೋದರಮಾವ ಮತ್ತು ಸೋದರಿಯ ಮಗಳ ಜೀನ್‌ಗಳಲ್ಲಿ ಸರಾಸರಿ ಕಾಲುಭಾಗ ಒಂದೇ ಮೂಲದವು. ಹಾಗಾಗಿ ಅದೇ ಕೆಟ್ಟ ಪ್ರತಿ ಇಬ್ಬರಲ್ಲೂ ಸಿಗುವುದು ಸುಲಭ.

ಪ್ರತಿ ಬಸಿರಲ್ಲೂ ಸಾಧ್ಯತೆ 25%. ‘ಒಂದಕ್ಕೆ ಬಂತಲ್ಲ, ಮುಂದಿನ ಮೂರಕ್ಕೆ ಬರಲ್ಲ’ ಅನ್ನುವ ಲೆಕ್ಕ ತಪ್ಪು. 50% ಮಕ್ಕಳು ನಿಮ್ಮಂತೆ ವಾಹಕರಾಗುತ್ತಾರೆ, ಅಂದರೆ ಒಂದು ಕೆಟ್ಟ ಪ್ರತಿ ಇದ್ದರೂ ಬಣ್ಣ ಇರುತ್ತದೆ.

ಮೊದಲು ಮಗುವಿನ ಜೀನ್ ಪರೀಕ್ಷೆ, ಆಮೇಲೆ ನಿಮ್ಮದು. ದೋಷ ಯಾವುದೆಂದು ಮೊದಲೇ ತಿಳಿದಿದ್ದರೆ ಮಾತ್ರ 11–13ನೇ ವಾರದಲ್ಲಿ ಭ್ರೂಣದಲ್ಲಿ ಅದನ್ನು ಹುಡುಕಬಹುದು. ಅದಕ್ಕಿಂತ ತುರ್ತಾದದ್ದು ಮಗುವಿನ ಕಣ್ಣು: ಗುಡ್ಡೆ ಅಲುಗಾಡುತ್ತಿದ್ದರೆ ಈಗಲೇ ಮಕ್ಕಳ ಕಣ್ಣಿನ ವೈದ್ಯರಿಗೆ ತೋರಿಸಿ. ಬಿಸಿಲಿಗೆ ತುಂಬುತೋಳಿನ ಬಟ್ಟೆ, ಅಗಲ ಅಂಚಿನ ಟೋಪಿ ಬೇಕೇ ಬೇಕು.