ಸೀಮೆ ಹುಲ್ಲನ್ನು ಬಲಿಯಲು ಬಿಟ್ಟು ಕೊಯ್ದರೆ ಲಾಭವೇ?

ಮುಳಬಾಗಿಲು ಕಡೆಯವರು ಎಂದು ಬರೆದಿದ್ದೀರಿ. ಎರಡು ಸೀಮೆ ಹಸು, ಹನ್ನೆರಡು ಗುಂಟೆಯಲ್ಲಿ ಸಿಒ-4 ತಳಿಯ ನೇಪಿಯರ್, ಅಂದರೆ ಸೀಮೆ ಹುಲ್ಲು. ಹಿಂದಿನ ಕೊಯ್ಲಾಗಿ ಎರಡೂವರೆ ತಿಂಗಳು ಕಳೆದು ಹುಲ್ಲು ಆಳೆತ್ತರ ನಿಂತಿದೆ, ಹೀಗೆ ಬಿಟ್ಟರೆ ಹೊರೆ ಹೆಚ್ಚು ಸಿಗುತ್ತದಲ್ಲ, 45 ದಿನಕ್ಕೇ ಕೊಯ್ಯಿರಿ ಅನ್ನುವುದೇಕೆ ಎಂಬುದು ನಿಮ್ಮ ಪ್ರಶ್ನೆ. ನಾನು ಪಕ್ಕದ ಶ್ರೀನಿವಾಸಪುರ ತಾಲ್ಲೂಕಿನವನು, ಹಸು ಸಾಕಿ ಡೈರಿಗೆ ಹಾಲು ಹಾಕಿಯೇ ಸಂಸಾರ ನಡೆಸುವವನು. 45 ದಿನ ಅನ್ನುವ ಮಾತೇ ಸರಿ.

ಹೊರೆ ದೊಡ್ಡದಾಗುತ್ತದೆ ಅನ್ನುವುದು ನಿಜವೇ. ಆದರೆ ಲೆಕ್ಕ ಹಾಕಿ ನೋಡಿ. 45 ದಿನದ ಹುಲ್ಲು 100 ಕೆಜಿ ಬಂತು ಅನ್ನಿ. ನೀರು ಕಳೆದರೆ ಒಣ ಅಂಶ ಸುಮಾರು 18 ಕೆಜಿ, ಅದರಲ್ಲಿ ಪ್ರೋಟೀನ್ ಶೇ. 10ರ ಹತ್ತಿರ, ಅಂದರೆ 1.8 ಕೆಜಿ. ಅದೇ ಜಾಗವನ್ನು 75 ದಿನ ಬಿಟ್ಟರೆ 150 ಕೆಜಿ ಸಿಗಬಹುದು, ಒಣ ಅಂಶ 33 ಕೆಜಿ ಆಗಬಹುದು. ಪ್ರೋಟೀನ್ ಮಾತ್ರ ಶೇ. 6ಕ್ಕೆ ಇಳಿದಿರುತ್ತದೆ, ಒಟ್ಟು 2 ಕೆಜಿ. ಒಂದು ತಿಂಗಳು ಹೆಚ್ಚು ನೀರು ಹಾಯಿಸಿದ್ದಕ್ಕೆ ಸಿಕ್ಕಿದ್ದು ಇನ್ನೂರು ಗ್ರಾಂ! ವರ್ಷದ ಲೆಕ್ಕದಲ್ಲಿ ಒಂದು ಕಡೆ ಎಂಟು ಕೊಯ್ಲು, ಇನ್ನೊಂದು ಕಡೆ ಐದೂ ಪೂರ್ತಿ ಆಗುವುದಿಲ್ಲ. ಒಣ ಅಂಶ ತಡವಾಗಿ ಕೊಯ್ದವನಿಗೇ ಸ್ವಲ್ಪ ಜಾಸ್ತಿ, ಪ್ರೋಟೀನ್ ಬೇಗ ಕೊಯ್ದವನಿಗೆ ಬಹಳ ಜಾಸ್ತಿ. ಈ ಅಂಕಿಗಳು ಗೊಬ್ಬರ, ನೀರಿನ ಮೇಲೆ ಏರಿಳಿಯುತ್ತವೆ, ಆದರೆ ದಿಕ್ಕು ಬದಲಾಗುವುದಿಲ್ಲ.

ಹಸುವಿನ ಹೊಟ್ಟೆಯಲ್ಲಿ ನಾರನ್ನು ಕರಗಿಸುವುದು ಸೂಕ್ಷ್ಮಜೀವಿಗಳು. ತಿನ್ನುವ ಮೇವಿನಲ್ಲಿ ಪ್ರೋಟೀನ್ ಶೇ. 7ಕ್ಕಿಂತ ಕೆಳಗಿಳಿದರೆ ಅವಕ್ಕೇ ಆಹಾರ ಸಾಲದು, ನಾರು ಕರಗುವುದು ನಿಧಾನವಾಗುತ್ತದೆ. ಮೇವು ಹೊಟ್ಟೆಯಲ್ಲೇ ನಿಲ್ಲುತ್ತದೆ, ಹಸು ಕಡಿಮೆ ತಿನ್ನುತ್ತದೆ. ನಮ್ಮ ಕಡೆ ಒಣ ಮೇವು ಅಂದರೆ ರಾಗಿ ಹುಲ್ಲು, ಅದರಲ್ಲಿ ಪ್ರೋಟೀನ್ ಶೇ. 3-4 ಇದ್ದರೆ ಹೆಚ್ಚು. ಅದರ ಜೊತೆಗೆ ಬಲಿತ ನೇಪಿಯರ್ ಹಾಕಿದರೆ ಕೊರತೆಯನ್ನೆಲ್ಲ ಹಿಂಡಿಯಿಂದಲೇ ತುಂಬಬೇಕು. ಹಿಂಡಿಯ ಬೆಲೆ ನಿಮಗೇ ಗೊತ್ತು.

ನಂಬಿಕೆ ಬರದಿದ್ದರೆ ನಾಳೆ ಬೆಳಿಗ್ಗೆ ಗೋದಲಿ ನೋಡಿ. ಎಲೆಯೆಲ್ಲ ಖಾಲಿಯಾಗಿ, ಹೆಬ್ಬೆರಳು ಗಾತ್ರದ ದಂಟಿನ ತುಂಡುಗಳು ತಳದಲ್ಲಿ ಉಳಿದಿರುತ್ತವೆ, ಹಸು ಮೂತಿಯಿಂದ ಪಕ್ಕಕ್ಕೆ ತಳ್ಳಿರುತ್ತದೆ. ಒಂದು ತುಂಡು ಎತ್ತಿಕೊಂಡು ಗಿಣ್ಣಿನ ಹತ್ತಿರ ಉಗುರು ಒತ್ತಿ. ಉಗುರು ಇಳಿದು ರಸ ಒಸರಿದರೆ ಮೇವು, ಇಳಿಯದಿದ್ದರೆ ಅದು ಸೌದೆ. ಕೊಯ್ಯುವ ಮುಂಚೆ ತೋಟದಲ್ಲೂ ಬುಡದ ಎರಡನೇ ಗಿಣ್ಣನ್ನು ಹೀಗೆ ಒತ್ತಿ ನೋಡುವುದು ನನ್ನ ರೂಢಿ. ಮಾಗಿ ಚಳಿಯಲ್ಲಿ ಬೆಳವಣಿಗೆ ನಿಧಾನ, 55 ದಿನವಾದರೂ ಎಳಸಾಗಿರುತ್ತದೆ. ಬೇಸಿಗೆಯಲ್ಲಿ ನೀರಿದ್ದರೆ 40 ದಿನಕ್ಕೇ ಎದೆಯುದ್ದ ಬರುತ್ತದೆ. ಕ್ಯಾಲೆಂಡರಿಗಿಂತ ಗಿಣ್ಣು ನಂಬಿಕಸ್ಥ.

ಹಾಗಂತ 25-30 ದಿನಕ್ಕೇ ಕುಡುಗೋಲು ಹಾಕಬೇಡಿ. ಅಷ್ಟು ಎಳೆಯದರಲ್ಲಿ ನೀರೇ ಹೆಚ್ಚು, ಸಗಣಿ ತೆಳ್ಳಗಾಗುತ್ತದೆ, ನಾರು ಸಾಲದೆ ಹಾಲಿನ ಫ್ಯಾಟ್ ಇಳಿಯುತ್ತದೆ. ಎಳೆ ನೇಪಿಯರ್‌ನಲ್ಲಿ ಆಕ್ಸಲೇಟ್ ಕೂಡ ಹೆಚ್ಚು, ಅದು ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಈಗತಾನೆ ಕರು ಹಾಕಿದ ಹಸುವಿಗೆ ಇದು ಒಳ್ಳೆಯದಲ್ಲ. ಬುಡದಲ್ಲಿ ಕೂಡಿಟ್ಟ ಸಕ್ಕರೆಯಿಂದಲೇ ಹೊಸ ಚಿಗುರು ಏಳುವುದು, ಅದು ಮತ್ತೆ ತುಂಬುವ ಮುಂಚೆಯೇ ಪದೇ ಪದೇ ಕೊಯ್ದರೆ ವರ್ಷದೊಳಗೆ ಬುಡ ಸೊರಗುತ್ತದೆ. ನೆಲಕ್ಕೆ ಹತ್ತಿ ಕೊಯ್ಯದೆ ನಾಲ್ಕಾರು ಇಂಚು ಕೂಳೆ ಬಿಡಿ.

ಜೋಳದ ಮೇವೂ ಹಾಕುತ್ತೇವೆ ಎಂದಿದ್ದೀರಿ, ಅಲ್ಲಿ ಬಹಳ ಜಾಗ್ರತೆ. ನೇಪಿಯರ್ ಬೇಗ ಕೊಯ್ದರೆ ನಷ್ಟ ಅಷ್ಟೆ, ಎಳೆ ಜೋಳದಲ್ಲಿ ಹಸುವಿನ ಜೀವಕ್ಕೇ ಅಪಾಯ. ಮಳೆ ಕೈಕೊಟ್ಟು ಬಾಡಿದ ಮೊಣಕಾಲುದ್ದದ ಪೈರಿನಲ್ಲೂ, ಕೊಯ್ದ ಮೇಲೆ ಬರುವ ಕೂಳೆ ಚಿಗುರಿನಲ್ಲೂ ಸಯನೈಡ್ ವಿಷ ಇರುತ್ತದೆ. ಹೂವಾಡುವವರೆಗೂ ಹಾಕಬೇಡಿ, ಹಗ್ಗ ಬಿಚ್ಚಿಕೊಂಡ ಹಸು ಆ ಹೊಲಕ್ಕೆ ನುಗ್ಗದಂತೆ ನೋಡಿಕೊಳ್ಳಿ. ತಿಂದ ಸ್ವಲ್ಪ ಹೊತ್ತಿಗೇ ಏದುಸಿರು ಬಿಟ್ಟು ತೂರಾಡಿದರೆ ಮನೆಮದ್ದಿಗೆ ಕೂರದೆ ಡಾಕ್ಟರಿಗೆ ಫೋನ್ ಮಾಡಿ, ಸಮಯಕ್ಕೆ ಇಂಜೆಕ್ಷನ್ ಬಿದ್ದರೆ ಉಳಿಯಬಹುದು.

ಇನ್ನು ನಿಮ್ಮ ನಿಜವಾದ ತೊಡಕು ಬೇರೆ ಇದೆ. ಎರಡು ಹಸುವಿಗೆ ದಿನಕ್ಕೆ 50 ಕೆಜಿ ಹಸಿರು ಮೇವು ಸಾಕು. ತೋಟದ ಒಂದು ತುದಿಯಿಂದ ಅಷ್ಟಷ್ಟೇ ಕೊಯ್ಯುತ್ತಾ ಹೋದರೆ ಇನ್ನೊಂದು ತುದಿ ಮುಟ್ಟುವ ಹೊತ್ತಿಗೆ ಅಲ್ಲಿಯದು ಬಲಿತಿರುತ್ತದೆ. ಸಣ್ಣ ರೈತರಲ್ಲಿ ಹುಲ್ಲು ಬಲಿಯುವುದು ಬಹುಮಟ್ಟಿಗೆ ಹೀಗೆಯೇ. ಹನ್ನೆರಡು ಗುಂಟೆಯನ್ನು 45 ಪಟ್ಟಿ ಮಾಡಿ, ಒಂದೊಂದು ಪಟ್ಟಿ ಕಾಲು ಗುಂಟೆಗಿಂತ ತುಸು ಹೆಚ್ಚು ಬರುತ್ತದೆ. ದಿನಕ್ಕೊಂದು ಪಟ್ಟಿ ಪೂರ್ತಿ ಕೊಯ್ಯಿರಿ, ಹಸು ತಿನ್ನಲಿ ಬಿಡಲಿ. ಉಳಿದದ್ದನ್ನು ಒಣಗಿಸಿ ಇಡಿ, ಇಲ್ಲ ಅಕ್ಕಪಕ್ಕದವರಿಗೆ ಮಾರಿ. ಕೊಯ್ದ ಪಟ್ಟಿಗೆ ಅದೇ ವಾರ ಗೊಬ್ಬರ, ನೀರು.

ಈಗ ನಿಂತಿರುವ ಆಳೆತ್ತರದ ಹುಲ್ಲು ಕೂಡ ವ್ಯರ್ಥವಲ್ಲ. ದಿನಕ್ಕೆ ಮೂರ್ನಾಲ್ಕು ಪಟ್ಟಿಯಂತೆ ಇಳಿಸಿಬಿಡಿ. ಒಂದೇ ದಿನ ಎಲ್ಲ ಕೊಯ್ದರೆ ಮುಂದೆ ಎಲ್ಲವೂ ಒಟ್ಟಿಗೇ ಬಲಿಯುತ್ತದೆ. ಚಾಫ್ ಕಟರ್‌ನಲ್ಲಿ ಒಂದಿಂಚಿಗೂ ಸಣ್ಣಗೆ ಕತ್ತರಿಸಿ, ಅಷ್ಟು ದಿನ ಹಿಂಡಿಯನ್ನು ಸ್ವಲ್ಪ ಹೆಚ್ಚು ಕೊಡಿ, ಅಲಸಂದೆ ಬಳ್ಳಿ ಸಿಕ್ಕರೆ ಬೆರೆಸಿ. ಮಿಕ್ಕದ್ದನ್ನು ಅರ್ಧ ದಿನ ಬಾಡಿಸಿ, ಬೆಲ್ಲದ ನೀರು ಚಿಮುಕಿಸಿ, ಚೀಲದಲ್ಲಿ ಗಾಳಿಯಾಡದಂತೆ ತುಳಿದು ಬಾಯಿ ಕಟ್ಟಿದರೆ ರಸಮೇವು (ಸೈಲೇಜ್) ಆಗುತ್ತದೆ. ಬೋರ್‌ವೆಲ್ ನೀರು ಕಡಿಮೆಯಾಗುವ ಚೈತ್ರ, ವೈಶಾಖದಲ್ಲಿ ಆ ಚೀಲಗಳು ಕೈಗೆ ಬರುತ್ತವೆ.